ಮಂಗ್ಯಾ ಸ್ನಾನ ಮಾಡಿದ ಊರು

ನಡೆದದ್ದು ಇಷ್ಟೇ: ನಾನು ಪರದೇಶಕ್ಕೆ ಹೋದೆ, ತುಂಬಿದ ಸಭೆಯಲ್ಲಿ ಗಂಡನ ಹೆಸರು ಹೇಳುವುದಿಲ್ಲ ಎಂದು ಬಾಯಿ ಮುಚ್ಚಿ ಕುಳಿತೆ, ಆಮೇಲೆ ಬಾಯಿ ಬಿಟ್ಟು ಮೊಮ್ಮಗಳ ಯಂತ್ರವನ್ನು ಕೆಡಿಸಿದೆ. ಉಳಿದದ್ದೆಲ್ಲ ಕಂಪ್ಲಿಯ ಜನ ಸೇರಿಸಿದ್ದು. ಬಸ್ ಸ್ಟ್ಯಾಂಡಿನಲ್ಲಿ ಯಂತ್ರದಿಂದ ಹೊಗೆ ಬಂತು ಎನ್ನುತ್ತಾರೆ. ಹಿಟ್ಟಿನ ಗಿರಣಿಯಲ್ಲಿ, ಹುಲಿಗೆಮ್ಮನನ್ನು, ಅಂದರೆ ನನ್ನನ್ನು, ಪೊಲೀಸರೇ ವಿಮಾನ ಹತ್ತಿಸಿ ವಾಪಸ್ ಕಳಿಸಿದರು ಎನ್ನುತ್ತಾರೆ. ಹೊಗೆ ಬರಲಿಲ್ಲ. ಪೊಲೀಸರನ್ನು ನಾನು ಅಲ್ಲಿ ಕಣ್ಣಿಂದಲೂ ಕಾಣಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಓದಿಬಿಡುತ್ತಾರೆ ಎಂಬ ಹೆದರಿಕೆ ಇಲ್ಲ. ಅಚ್ಚಾದ ಹಾಳೆಯಲ್ಲಿ ಅವರು ನೋಡುವುದು ಸತ್ತವರ ಫೋಟೋ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ದಶರಥನ ಹಿರಿಯ ಮಗನ ಹೆಸರೇ ಅವರ ಹೆಸರು. ತಿಳಿದುಕೊಳ್ಳಿ, ಮುಂದೆ ಹೋಗಿ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅತ್ತೆ ಹೇಳಿದ್ದಳು. ನಾನು ಅದನ್ನು ನಂಬುವುದಿಲ್ಲ. ನಂಬುವುದಿಲ್ಲ ಎಂದು ಪರೀಕ್ಷೆ ಮಾಡಿಯೂ ನೋಡಿಲ್ಲ. ಅವರು ಹೋದರೆ ಎಮ್ಮೆ ನೋಡಿಕೊಳ್ಳುವವರು ಯಾರು?

ಕಂಪ್ಲಿ

ಸುಮಿ ನನ್ನ ಮಗಳ ಮಗಳು. ಅವಳ ಅವ್ವ ಹೊಸಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹುಡುಗಿ ಮಾತ್ರ ಎಸ್ತೋನಿಯಾ ಎಂಬ ದೇಶದಲ್ಲಿ, ತಾರ್ತು ಎಂಬ ಊರಿನಲ್ಲಿ ಓದುತ್ತಾಳೆ. ಏನು ಓದುತ್ತೀಯೆ ಎಂದು ಕೇಳಿದರೆ, "ಯಂತ್ರಕ್ಕ ಮಾತು ಬಿಡಿಸಾಕ ಕಲಸ್ತೀನಜ್ಜಿ" ಎನ್ನುತ್ತಾಳೆ. ಕಡಲೆ ಬಿಡಿಸುವುದು ಗೊತ್ತು, ಹತ್ತಿ ಬಿಡಿಸುವುದು ಗೊತ್ತು. ಮಾತು ಬಿಡಿಸುವುದು ಹೇಗೆ?

ರಜೆಗೆ ಬಂದಾಗ ಲ್ಯಾಪ್‌ಟಾಪ್ ತೆಗೆದು ಅಡುಗೆಮನೆಯಲ್ಲಿ ಇಟ್ಟಳು. "ಏನರ ಹೇಳು" ಎಂದಳು. "ಎಮ್ಮಿ ಹುಲ್ಲು ತಿಂತು" ಎಂದೆ. ಯಂತ್ರ ಸ್ವಲ್ಪ ಯೋಚಿಸಿ ಒಂದು ಗಿಡ ಬರೆಯಿತು. ಮೇಲೆ ಒಂದು ಬುಡ, ಅದರಿಂದ ಕೆಳಗೆ ಎರಡು ಕೊಂಬೆ, ಒಂದಕ್ಕೆ ಎಮ್ಮೆ ಜೋತು ಬಿದ್ದಿದೆ, ಇನ್ನೊಂದಕ್ಕೆ ಹುಲ್ಲೂ ತಿನ್ನುವುದೂ.

"ಇದೇನಲೇ, ಗಿಡ ತಲಿಕೆಳಗ ಐತಿ? ಬೇರು ಮ್ಯಾಲ!"

"ನಮ್ಮ ಓದಿನಾಗ ಎಲ್ಲಾರೂ ಹಿಂಗ ಬರೀತಾರಜ್ಜಿ."

"ಎಲ್ಲಾರೂ ಬರದ್ರ ಬೇರು ಮ್ಯಾಲ ಹೋಗಂಗಿಲ್ಲ."

ಆಮೇಲೆ ಅವಳು ಕುಳಿತು ತಿಳಿಸಿದಳು. ಒಂದು ಮಾತಿನೊಳಗೆ ಇನ್ನೊಂದು ಮಾತು ಕುಳಿತಿರುತ್ತದೆ, ಅದರೊಳಗೆ ಮತ್ತೊಂದು. ನಮ್ಮ ಅಟ್ಟದ ಮೇಲೆ ಹಂಡೆಯೊಳಗೆ ಕೊಡ, ಕೊಡದೊಳಗೆ ತಂಬಿಗೆ ಇಟ್ಟಿಲ್ಲವೇ, ಹಾಗೆ. ಯಾವುದರೊಳಗೆ ಯಾವುದು ಕೂರಬಹುದು ಎಂಬುದಕ್ಕೆ ಸುಮಿ ಕಟ್ಟಳೆ ಬರೆಯುತ್ತಾಳೆ. ಯಂತ್ರ ಆ ಕಟ್ಟಳೆ ಹಿಡಿದು ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು, ಇದು ಇದರೊಳಗಿತ್ತು ಎಂದು ಸಾಲಾಗಿ ಜೋಡಿಸಿ ತೋರಿಸುತ್ತದೆ. ಗಿಡ ಎಂದರೆ ಅದೇ. ಈಗಿನ ಕಾಲದ ಬೇರೆ ಯಂತ್ರಗಳಿಗೆ ಕಟ್ಟಳೆ ಬೇಕಿಲ್ಲವಂತೆ. ರಾಶಿ ರಾಶಿ ಪುಸ್ತಕ ನುಂಗಿ ತಾವೇ ಕಲಿಯುತ್ತವಂತೆ. ಆದರೆ ನಾವು ಕಂಪ್ಲಿಯಲ್ಲಿ ಆಡುವ ಮಾತು ರಾಶಿ ರಾಶಿಯಾಗಿ ಯಾವ ಪುಸ್ತಕದಲ್ಲಿದೆ? ಅದಕ್ಕೇ ಹುಡುಗಿ ಕೈಯಿಂದ ಬರೆಯುತ್ತಾಳೆ.

ಮೈಕಿನ ಮುಂದೆ ಅವಳು ಮೊದಲು ಕೂರಿಸಿದ್ದು ನಮ್ಮ ಮನೆಯವರನ್ನು. ಅವರು ಅಂಗಿಯ ಗುಂಡಿ ಹಾಕಿಕೊಂಡರು. ಗಂಟಲು ಸರಿ ಮಾಡಿಕೊಂಡರು. "ಸಮಸ್ತ ನಾಗರಿಕ ಬಾಂಧವರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿದರು.

"ಅಜ್ಜಾ, ಮನ್ಯಾಗ ಮಾತಾಡಿದಂಗ ಮಾತಾಡು."

"ಮನ್ಯಾಗ ಮಾತಾಡಿದಂಗ ಮಾತಾಡಾಕ ಮೈಕ್ ಯಾಕ ಬೇಕು?"

ಎರಡು ದಿನ ಹೀಗೇ ನಡೆಯಿತು. ಯಂತ್ರ ಅವರಿಂದ ಕಲಿತದ್ದು ಭಾಷಣ ಮಾತ್ರ. ಆಗ ಸುಮಿ ಮೈಕನ್ನು ನನ್ನ ಕಡೆ ತಿರುಗಿಸಿದಳು. ನಾನು ರೊಟ್ಟಿ ಬಡಿಯುತ್ತಾ ಮಾತಾಡಿದೆ, ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಾ ಮಾತಾಡಿದೆ, ಪಕ್ಕದ ಮನೆಯವಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದೆ. ಹೇಳಿದ್ದೆಲ್ಲ ಯಂತ್ರ ಇಟ್ಟುಕೊಳ್ಳುತ್ತದೆ ಎಂದು ಗೊತ್ತಾದಾಗ ರೊಟ್ಟಿ ಬಿಟ್ಟು ಎದ್ದೆ. "ಅಳಸಲೇ ಅದನ್ನ, ಆಕಿ ಕಿವಿಗೆ ಬಿದ್ರ ನನ್ನ ಜಡಿ ಕೀಳ್ತಾಳ!" ಸುಮಿ ನಕ್ಕು, ಕಸದ ಬುಟ್ಟಿಯ ಚಿತ್ರ ತೋರಿಸಿ, ಎಲ್ಲಿ ಒತ್ತಿದರೆ ಅಳಿಸುತ್ತದೆ ಎಂದು ಹೇಳಿಕೊಟ್ಟಳು. ಅಂದಿನಿಂದ ಆ ಬುಟ್ಟಿಯನ್ನು ನಾನೇ ಒತ್ತುತ್ತಿದ್ದೆ. ಯಂತ್ರದಲ್ಲಿ ನನಗೆ ಚೆನ್ನಾಗಿ ಬರುವುದು ಅದೊಂದೇ ಕೆಲಸ.

ಹೋಗುವ ಕಾರಣ ಇಷ್ಟು. ತಾರ್ತುವಿನಲ್ಲಿ ಅವಳ ಟೀಚರಮ್ಮನ ಮುಂದೆ, ಹೊರಗಿನಿಂದ ಬಂದ ಪಂಡಿತರ ಮುಂದೆ, ನಾನು ಬಾಯಿಂದ ಹೇಳಬೇಕು, ಯಂತ್ರ ಅಲ್ಲೇ ಬಿಡಿಸಬೇಕು. ಒಪ್ಪಿಗೆಯಾದರೆ ಸುಮಿ ಮುಂದಿನ ವರ್ಷಗಳಲ್ಲಿ ಇದೇ ಕೆಲಸ ಮಾಡಬಹುದು. ಇಲ್ಲದಿದ್ದರೆ ನಮ್ಮ ಮಾತಿನ ಗೊಡವೆ ಬಿಟ್ಟು ಪುಸ್ತಕದ ಕನ್ನಡ ಹಿಡಿಯಬೇಕು.

"ಪುಸ್ತಕದ್ದು ಹಿಡದ್ರ ಏನಾಕ್ಕೈತಿ?" ಎಂದೆ.

"ಏನೂ ಆಗಂಗಿಲ್ಲ. ಅದನ್ನ ಮಾಡಾಕ ಭಾಳ ಮಂದಿ ಅದಾರ. ನಿನ್ನ ಮಾತು ಮಾಡಾಕ ನಾ ಒಬ್ಬಾಕಿನ."

ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಂಡರು. "ಹೋಗು ಹೋಗು. ವಿಮಾನದಾಗ ಜಗಳ ಮಾಡಿದ್ರ ನಡುದಾರಿಗೆ ಇಳಿಸಿಬಿಡ್ತಾರ, ನೆನಪಿಟ್ಟಿರು" ಎಂದರು. ಮುನಿಸು.

ನಡುವಿನ ವಿಮಾನ ನಿಲ್ದಾಣ

ಇಲ್ಲಿ ನನ್ನ ಗುರೆಳ್ಳು ಚಟ್ನಿಪುಡಿ ಸಿಕ್ಕಿಬಿತ್ತು. ಕಪ್ಪಗಿದೆಯಲ್ಲ, ಒಬ್ಬ ಅಧಿಕಾರಿ ಅದನ್ನು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ, ಇನ್ನೊಬ್ಬನನ್ನು ಕರೆದ. ಸುಮಿ ಏನೇನೋ ಹೇಳಿದಳು. ಅವರು ನಂಬಲಿಲ್ಲ. ನಾನು ಚೀಲದಿಂದ ಖಡಕ್ ರೊಟ್ಟಿ ತೆಗೆದು, ಮುರಿದು, ಪುಡಿ ಹಚ್ಚಿ ತಿಂದು ತೋರಿಸಿದೆ. ದೊಡ್ಡ ಅಧಿಕಾರಿ ಮೂಸಿ ನೋಡಿದ. ಒಣಮೆಣಸಿನಕಾಯಿ ಮೂಗಿಗೆ ಹತ್ತಿತು. ಅವನು ಸೀನುತ್ತಿದ್ದ ಹಾಗೇ ಸಣ್ಣ ಅಧಿಕಾರಿ ಹೋಗಿ ಎಂದು ಕೈಮಾಡಿದ. ರೊಟ್ಟಿಯ ಇನ್ನೊಂದು ತುಂಡು ಅವನ ಮೇಜಿನ ಮೇಲೆ ಇಟ್ಟು ಬಂದೆ. ಕೆಲಸ ಮಾಡುವವರು ಹಸಿದಿರುತ್ತಾರೆ.

ತಾರ್ತು, ಮೊದಲ ದಿನಗಳು

ಈ ಊರಿನ ಜನ ಮಾತಾಡುವುದಿಲ್ಲ. ಮಾತು ಬಾರದವರಲ್ಲ, ಸುಮ್ಮನೆ ಖರ್ಚು ಮಾಡುವುದಿಲ್ಲ. ಬಸ್ಸಿಗೆ ಕಾಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಹೋಗುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ನಮ್ಮ ಹೊಸಪೇಟೆ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ನನ್ನದು, ಒಂದು ಕಾಲು ಯಾರದೋ, ಕೈಚೀಲ ಮೂರನೆಯವರದು. ನಾನು ಅಭ್ಯಾಸಬಲದಿಂದ ಒಬ್ಬ ಹೆಂಗಸಿನ ಹತ್ತಿರ ಹೋಗಿ ನಿಂತೆ. ಆಕೆ ಒಂದು ಹೆಜ್ಜೆ ಸರಿದಳು. ಪಾಪ, ಜಾಗ ಮಾಡಿಕೊಟ್ಟಳು ಎಂದುಕೊಂಡು ನಾನೂ ಒಂದು ಹೆಜ್ಜೆ ಸರಿದೆ. ಹೀಗೇ ಇಬ್ಬರೂ ಬಸ್ ಸ್ಟಾಪ್ ದಾಟಿ ಔಷಧದ ಅಂಗಡಿಯ ಮುಂದೆ ಬಂದಿದ್ದೆವು. ಬಸ್ಸು ಹೋಗಿಬಿಟ್ಟಿತು.

"ಅಜ್ಜಿ, ಆಕೀನ್ನ ಯಾಕ ಬೆನ್ನತ್ತಿದಿ?"

"ನಾ ಎಲ್ಲಿ ಬೆನ್ನತ್ತಿದೆ? ಊಟ ಆತೇನ್ರಿ ಅಂತ ಕೇಳ್ಬೇಕಂತಿದ್ದೆ."

ಹಲ್ಲು ಕಿರಿಯುವುದೂ ಇಲ್ಲ ಇವರು. ಅದು ನನಗೆ ಹಿಡಿಸಿತು. ನಗು ಬಂದರೆ ನಗುತ್ತಾರೆ, ಬರದಿದ್ದರೆ ಮುಖವನ್ನು ಅದರ ಪಾಡಿಗೆ ಬಿಡುತ್ತಾರೆ. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ನಮ್ಮ ಹಾಗೆಯೇ. ಊರ ನಡುವೆ ಹೊಳೆ ಇದೆ. ಅದರ ಹೆಸರಿಗೆ ತಾಯಿಹೊಳೆ ಎಂದು ಅರ್ಥವಂತೆ. ತಾಯಿಯೇನೋ ಹೌದು, ಆದರೆ ಬೈಯದ ತಾಯಿ. ಬಂಡೆ ಇಲ್ಲ, ಸುಳಿ ಇಲ್ಲ, ಸದ್ದಿಲ್ಲ. ತುಂಗಭದ್ರೆಯನ್ನು ನೋಡಿದವರಿಗೆ ಇದು ಹೊಳೆಯೋ ಕೆರೆಯೋ ಎಂದು ಅನುಮಾನ ಬರುತ್ತದೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಹುಳಿ ಮಜ್ಜಿಗೆ ಸಿಗುತ್ತದೆ. ಬೇರೆ ಹೆಸರಿಟ್ಟಿದ್ದಾರೆ, ಆದರೂ ಮಜ್ಜಿಗೆಯೇ. ಒಗ್ಗರಣೆ ಹಾಕಿದೆ. ಗಂಟಲಿಗೆ ಜೀವ ಬಂತು.

ಇನ್ನು ಸೇಬಿನ ವಿಷಯ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತು. ಮನೆ ಮನೆಯ ಹಿತ್ತಲಲ್ಲೂ ಸೇಬಿನ ಗಿಡ, ತಿಂದು ಮುಗಿಯದಷ್ಟು ಹಣ್ಣು. ಅದನ್ನು ಪೆಟ್ಟಿಗೆಯಲ್ಲಿ ತುಂಬಿ ಗೇಟಿನ ಹೊರಗೆ ಇಡುತ್ತಾರೆ. ಹೋಗಿ ಬರುವವರು ಒಯ್ಯಬಹುದು. ಯಾರೂ ಕಾಯುವುದಿಲ್ಲ, ಯಾರೂ ಕೇಳುವುದಿಲ್ಲ. ನಮ್ಮ ಕಡೆ ಕಮಲಾಪುರದಲ್ಲಿ ಬಾಳೆಗೊನೆಯನ್ನು ಹಾಗೆ ಹೊರಗಿಟ್ಟರೆ ಗೊನೆಯ ಜೊತೆ ಗೇಟೂ ಹೋಗುತ್ತದೆ. ನಾನು ಒಂದು ಗೇಟಿನ ಮುಂದೆ ನಿಂತು "ಯಾರದೀರಿ ಮನ್ಯಾಗ?" ಎಂದು ಕೂಗಿದೆ. ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿತು. ಉಡಿ ತುಂಬ ಹಣ್ಣು ತೆಗೆದುಕೊಂಡೆ. ಬರಿಗೈಯಲ್ಲಿ ತೆಗೆದುಕೊಳ್ಳುವುದು ಸರಿಯಲ್ಲ ಎಂದು ಪೆಟ್ಟಿಗೆಯಲ್ಲಿ ಒಂದು ಖಡಕ್ ರೊಟ್ಟಿ ಇಟ್ಟು ಬಂದೆ. ಮರುದಿನ ನೋಡಿದರೆ ರೊಟ್ಟಿ ಅಲ್ಲೇ ಇತ್ತು. ಯಾರೋ ಅಂಚಿನಲ್ಲಿ ಒಂದು ತುತ್ತು ಕಡಿದು, ವಿಚಾರ ಮಾಡಿ, ವಾಪಸ್ ಇಟ್ಟಿದ್ದರು.

ಸುಮಿಯ ಟೀಚರಮ್ಮ ಹೆಲ್ವಿ. ನನ್ನ ವಯಸ್ಸಿನವಳೇ, ಸೈಕಲ್ ಮೇಲೆ ಓಡಾಡುತ್ತಾಳೆ. ಸುಮಿಗೆ ಕೆಲಸ ಕೊಡುವುದೂ ಬಿಡುವುದೂ ಇವಳ ಕೈಯಲ್ಲಿ. ಮೊದಲ ಸಲ ಕಂಡಾಗ ನನ್ನ ಸೀರೆ ನೋಡಿದಳು, ಬರಿಗಾಲು ನೋಡಿದಳು, ಚೀಲದಿಂದ ತಾನೇ ಹೆಣೆದ ಉಣ್ಣೆಯ ಕಾಲುಚೀಲ ತೆಗೆದು ಕೈಗೆ ಕೊಟ್ಟಳು. ನಮಸ್ಕಾರವೂ ಇಲ್ಲ, ಸಮಾಚಾರವೂ ಇಲ್ಲ. ಹಾಕಿಕೊಂಡೆ. ಕಾಲುಂಗುರಕ್ಕೆ ಎಳೆ ಸಿಕ್ಕಿ, ನಾನು ನಡೆದಂತೆಲ್ಲ ಕಾಲುಚೀಲ ಬಿಚ್ಚುತ್ತಾ ಹೋಯಿತು. ಸಂಜೆಗೆ ನನ್ನ ಹಿಂದೆ ಉದ್ದಕ್ಕೆ ಒಂದು ಕೆಂಪು ದಾರ. ಹೆಲ್ವಿ ದಾರ ಹಿಡಿದು ಸುತ್ತುತ್ತಾ ಬಂದು, ಉಂಡೆ ಮಾಡಿ, ಅಲ್ಲೇ ಕುಳಿತು ಮತ್ತೆ ಹೆಣೆದಳು. ಈ ಸಲ ಬೆರಳಿನ ಹತ್ತಿರ ಸಡಿಲ ಬಿಟ್ಟಳು. ಇಬ್ಬರೂ ಒಂದು ಮಾತಿಲ್ಲದೆ ಅರ್ಧ ಬುಟ್ಟಿ ಸೇಬು ಹೆಚ್ಚಿದೆವು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ಗುಡ್ಡದ ಮೇಲಿನ ಮುರುಕು ಗೋಡೆ

ಸಭೆಯ ಹಿಂದಿನ ದಿನ ಸುಮಿ ನನ್ನನ್ನು ಗುಡ್ಡ ಹತ್ತಿಸಿದಳು. ಗುಡ್ಡವೆಂದರೆ ನಗು ಬರುತ್ತದೆ, ನಮ್ಮ ಸಂಡೂರಿನಲ್ಲಿ ಗಣಿಯವರು ತೆಗೆದು ಸುರಿದ ಮಣ್ಣು ಇದಕ್ಕಿಂತ ಎತ್ತರ. ಮೇಲೆ ಒಂದು ಹಳೆಯ ದೊಡ್ಡ ಚರ್ಚು, ಅರ್ಧ ಬಿದ್ದಿದೆ, ಇಟ್ಟಿಗೆಯ ಗೋಡೆಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ಜನ ಮೆಲ್ಲಗೆ ನಡೆದು, ತಲೆಯೆತ್ತಿ ನೋಡಿ, ಫೋಟೋ ತೆಗೆಯುತ್ತಿದ್ದರು.

"ಹೆಂಗೈತಜ್ಜಿ?"

"ಹಂಪಿ ಕಡಿಯಾಕಿಗೆ ಮುರಕ ಗುಡಿ ತೋರ್ಸಾಕ ಇಷ್ಟು ದೂರ ಕರಕೊಂಡು ಬಂದಿಯಲ್ಲ, ನಿನ್ನ ಬುದ್ಧಿಗೇನು ಹೇಳ್ಲಿ? ನಮ್ಮಲ್ಲಿ ಇಂಥಾದ್ರಾಗ ಆಡು ಕಟ್ತಾರ."

ಅವಳು ನಗಲಿಲ್ಲ. ಸಭೆಯಲ್ಲಿ ನಾನು ಹೇಳಬೇಕಾದ ಮಾತುಗಳನ್ನು ಗೋಡೆಯ ನೆರಳಿನಲ್ಲಿ ಕೂರಿಸಿ ಮತ್ತೆ ಮತ್ತೆ ಹೇಳಿಸಿದಳು. ಅದರಲ್ಲಿ ಒಂದು ಅವಳಿಗೆ ಬಹಳ ಇಷ್ಟದ್ದು. ಹಂಪಿಯಲ್ಲಿ ನನಗೆ ನಿಜವಾಗಿ ಆದದ್ದೇ: "ಎದ್ದು, ಸ್ನಾನ ಮಾಡಿ, ನಾ ಹಂಪಿಗೆ ಹೋದಾಗ ಮಂಗ್ಯಾ ಬಾಳೆಹಣ್ಣು ಕಸಗೊಂತು." ಎದ್ದವಳು ನಾನು, ಸ್ನಾನ ಮಾಡಿದವಳು ನಾನು, ಹೋದವಳೂ ನಾನು, ಕಸಿದದ್ದು ಮಾತ್ರ ಮಂಗ. ಯಾವುದು ಯಾರ ತಲೆಗೆ ಎಂದು ಯಂತ್ರಕ್ಕೆ ಕಲಿಸಲು ಅವಳಿಗೆ ಬೇಸಿಗೆಯೆಲ್ಲ ಹಿಡಿದಿತ್ತು.

"ಇದರಾಗ ಏನೈತಿ? ಸಣ್ಣ ಹುಡುಗ್ರಿಗೂ ತಿಳೀತೈತಿ."

"ಹುಡುಗ್ರಿಗೆ ತಿಳೀತೈತಿ. ಹೆಂಗ ತಿಳೀತು ಅಂತ ಕೇಳಿದ್ರ ನನಗ ತಿಳಿಯಂಗಿಲ್ಲ, ಅದ ನನ್ನ ತ್ರಾಸು" ಎಂದಳು.

ಸಭೆಯ ದಿನ

ಒಂದು ಕೋಣೆ, ಗೋಡೆಯ ಮೇಲೆ ಬಿಳಿ ಪರದೆ, ಕುರ್ಚಿಗಳಲ್ಲಿ ಮಾತಾಡದ ಜನ. ಮುಂದಿನ ಸಾಲಿನಲ್ಲಿ ಹೆಲ್ವಿ, ಮಡಿಲಲ್ಲಿ ಹೆಣಿಗೆ. ಅವಳ ಪಕ್ಕ ಬೇರೆ ದೇಶದಿಂದ ಬಂದ ಒಬ್ಬ ದಾಡಿಯವನು. ಅವನು ಪುಸ್ತಕ ನುಂಗುವ ಯಂತ್ರಗಳ ಕಡೆಯವನು ಎಂದು ಸುಮಿ ಕಿವಿಯಲ್ಲಿ ಹೇಳಿದಳು. ಅಲ್ಲಿ ಆಡಿದ ಮಾತನ್ನೆಲ್ಲ ಅವಳೇ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ನಾನು ಎಮ್ಮೆಯ ಮಾತು ಹೇಳಿದೆ, ಕಾಲುವೆಯ ಮಾತು ಹೇಳಿದೆ, ಕೊನೆಗೆ ಮಂಗನ ಮಾತು ಹೇಳಿದೆ. ಪರದೆಯ ಮೇಲೆ ಗಿಡ ಇಳಿಯಿತು. ಏಳುವುದೂ ಸ್ನಾನವೂ ನನ್ನ ಕೊಂಬೆಗೆ, ಕಸಿದದ್ದು ಮಂಗನ ಕೊಂಬೆಗೆ. ಜನ ಒಂದು ಸಲ ತಲೆಯಾಡಿಸಿದರು. ಅಲ್ಲಿ ಅದು ಚಪ್ಪಾಳೆ. ಸುಮಿಯ ಮುಖಕ್ಕೆ ಕಳೆ ಬಂತು.

ದಾಡಿಯವನು ಕೈಯೆತ್ತಿದ. ಇವೆಲ್ಲ ಕಲಿಸಿ ತಂದ ಮಾತು, ನಾನೊಂದು ಕೊಡುತ್ತೇನೆ, ತೀರ ಸಣ್ಣದು, ಎಂದ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಕೊಟ್ಟ. ಸುಮಿ ನೋಡಿ ನಿರಾಳವಾದಳು.

"ಅಜ್ಜಿ, ಇದೊಂದು ಹೇಳಿಬಿಡು, ಮುಗೀತು. ಭಾಳ ಸಣ್ಣದೈತಿ" ಎಂದು ಓದಿ ಹೇಳಿದಳು. ದಶರಥನ ಹಿರಿಯ ಮಗ ಹಣ್ಣು ತಿಂದ, ಅಷ್ಟೇ. ಆದರೆ ಅಪ್ಪನ ಹೆಸರು ಹಿಡಿದು ಅಲ್ಲ, ಮಗನ ಹೆಸರು ಹಿಡಿದೇ.

ಆಮೇ‌ಲೆ ತಿಳಿದದ್ದು: ಈ ವಿದ್ಯೆಯ ಪುಸ್ತಕಗಳಲ್ಲಿ ನಮ್ಮ ದೇಶದ ಮಾತು ಬಂದರೆ ಸಾಕು, ಎಲ್ಲ ಕೆಲಸಕ್ಕೂ ದಶರಥನ ಆ ಮಗನನ್ನೇ ಕರೆಯುತ್ತಾರಂತೆ. ಹಣ್ಣು ತಿನ್ನುವವನು ಅವನೇ, ಹಸು ನೋಡುವವನು ಅವನೇ, ಸೀತೆಗೆ ಪುಸ್ತಕ ಕೊಡುವವನೂ ಅವನೇ. ಇಂಗ್ಲಿಷಿನಲ್ಲಿ ಜಾನ್ ಎಂಬವನ ಪಾಡೂ ಇದೇ ಅಂತೆ. ವನವಾಸ ಮುಗಿಸಿ ಬಂದವನಿಗೆ ಇಷ್ಟು ಚಾಕರಿ! ದಾಡಿಯವನ ತಪ್ಪಲ್ಲ, ಅದು ಅವರ ರೂಢಿ. ನನ್ನದು ನನ್ನ ರೂಢಿ. ನಾನು ಬಾಯಿ ಮುಚ್ಚಿದೆ.

ಮೈಕ್ ಕೆಟ್ಟಿದೆ ಎಂದುಕೊಂಡರು. ಒಬ್ಬ ಬಂದು ತಂತಿ ಕಿತ್ತು ಮತ್ತೆ ಚುಚ್ಚಿದ. ಇನ್ನೊಬ್ಬ ಬೇರೆ ಮೈಕ್ ತಂದ. ಯಂತ್ರವನ್ನು ಆರಿಸಿ ಹಚ್ಚಿದರು. ನಾನು ಸುಮ್ಮನೆ. ಕಂಪ್ಲಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಬೈದು, ಯಾರಾದರೂ ಬಿಡಿಸಿ, ಚಹಾ ಬಂದಿರುತ್ತಿತ್ತು. ಇಲ್ಲಿ ಎಲ್ಲರೂ ನನ್ನ ಜೊತೆ ಸುಮ್ಮನೆ ಕುಳಿತರು. ಅವರಿಗೆ ಅದು ಹಿತವಾಗಿಯೇ ಇದ್ದಂತೆ ಕಂಡಿತು. ಸುಮ್ಮನಿರುವುದರಲ್ಲಿ ಈ ಜನರನ್ನು ಗೆಲ್ಲಲು ಆಗುವುದಿಲ್ಲ ಎಂದು ನನಗೆ ಬೇಗ ಗೊತ್ತಾಯಿತು.

"ಅಜ್ಜಿ, ಹೇಳು!" ಎಂದು ಸುಮಿ ನನ್ನ ತೋಳು ಹಿಡಿದು ಅಲುಗಾಡಿಸಿದಳು.

"ಯಾರ ಹೆಸರು ಹೇಳಾಕ ಹಚ್ಚೀಯಲೇ ನನ್ನ ಕಡಿಂದ?"

ಅವಳು ಚೀಟಿ ನೋಡಿದಳು. ನನ್ನನ್ನು ನೋಡಿದಳು. ಕೈ ಬಾಯಿಗೆ ಹೋಯಿತು. "ಅಯ್ಯೋ ಶಿವನೆ, ಅಜ್ಜಂದು!"

ಆಮೇಲೆ ಸಭೆಗೆ ತಿರುಗಿ ವಿವರಿಸಿದಳು. ಹೆಲ್ವಿಯ ಹೆಣಿಗೆಯ ಕಡ್ಡಿಗಳು ನಿಂತವು. ದಾಡಿಯವನು ನಿಜವಾಗಿಯೂ ಸಂತೋಷಪಟ್ಟ, ಇಂಥದ್ದು ಕೇಳಿಯೇ ಇರಲಿಲ್ಲವಂತೆ. "ಹಂಗಾರ ಮನ್ಯಾಗ ಏನಂತಾರೋ ಹಂಗ ಹೇಳ್ಲಿ ಅಂತಾನಜ್ಜಿ" ಎಂದಳು ಸುಮಿ.

ಮನೆಯಲ್ಲಿ 'ನಮ್ಮನಿಯವ್ರು' ಎಂದರೆ ಸಾಕು, ಎಲ್ಲರಿಗೂ ಗೊತ್ತು. ಆದರೆ ಗುರುತಿಲ್ಲದವರ ಮುಂದೆ ಹಾಗೆ ಹೇಳಿದರೆ ಯಾರ ಮನೆಯವರು ಎಂದು ತಿಳಿಯುತ್ತದೆ? ಹೆಸರು ಬಿಟ್ಟು ಗುರುತು ಹೇಳಬೇಕು. ಮಕ್ಕಳನ್ನು ಹಿಡಿದು ಹೇಳಬೇಕು, ಕಸುಬು ಹಿಡಿದು ಹೇಳಬೇಕು, ಮನೆಯಲ್ಲಿ ಕಟ್ಟಿದ ದನ ಹಿಡಿದು ಹೇಳಬೇಕು. ನಮ್ಮ ಊರಿನ ಹೆಂಗಸರೆಲ್ಲ ಹಾಗೇ ಹೇಳುವುದು. ಅದೂ ಅಲ್ಲದೆ, ಅಷ್ಟು ಹೊತ್ತು ಮುಚ್ಚಿದ ಬಾಯಿ ತೆರೆದರೆ ತೊಟ್ಟಿಕ್ಕುತ್ತದೆಯೇ? ಡ್ಯಾಮಿನ ಗೇಟು ಎತ್ತಿದ ಹಾಗೆ ಹೇಳಿದೆ:

"ನಮ್ಮ ಸುಮಿ ಅವ್ವನ ಅಪ್ಪ, ರೈಸ್ ಮಿಲ್ಲಿನಾಗ ಚೀಲ ಹೊತ್ತು ಮಣಕಾಲ ನೋವು ಮಾಡ್ಕೊಂಡು, ನಾ ಬ್ಯಾಡ ಅಂದ್ರೂ ಸಂಡೂರು ಸಂತಿಗೆ ಹೋಗಿ, ಹಾಲು ಕೊಡದಿದ್ರೂ ಒದಿಯೋ ಎಮ್ಮಿ ತಂದು ಕಟ್ಟಿದ ಮನುಷ್ಯಾ, ಹಣ್ಣು ತಿಂದ್ರು."

ಯಂತ್ರ ತಡೆಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು. ಸುಮಿ ಸೆರಗಿಲ್ಲದವಳು, ನನ್ನ ಸೆರಗು ಹಿಡಿದುಕೊಂಡಳು. ಆಮೇಲೆ ಗಿಡ ಇಳಿಯತೊಡಗಿತು. ಇಳಿದೇ ಇಳಿಯಿತು, ಪರದೆ ದಾಟಿ ಕೆಳಗೆ ಹೋಯಿತು. ಜನ ಕುರ್ಚಿಯಿಂದ ಎದ್ದು ಬಗ್ಗಿ ನೋಡಿದರು.

ದಾಡಿಯವನು ಬೆರಳು ಮಾಡಿ ಏನೋ ಕೇಳಿದ. ಸುಮಿ ನೋಡಿದಳು, ಕೆಂಪಾದಳು. "ಅಜ್ಜಿ, ಚೀಲ ಹೊತ್ತಾಕಿ ನೀನ ಅಂತ ಬರದೈತಿ. ಮಣಕಾಲ ನೋವೂ ನಿನಗ." ಚೀಲ ಹೊತ್ತು, ನೋವು ಮಾಡಿಕೊಂಡು ಎಂದ ಕೂಡಲೇ ಹತ್ತಿರದಲ್ಲಿ 'ನಾ' ಎಂದು ಬಂತಲ್ಲ, ಯಂತ್ರ ಅವರ ಹೆಗಲಿನ ಚೀಲ ಇಳಿಸಿ ನನ್ನ ತಲೆಯ ಮೇಲೆ ಇಟ್ಟಿತ್ತು. ಮಂಗನ ಮಾತಿನಲ್ಲಿ ಅವಳು ಕಲಿಸಿದ್ದು ಅದನ್ನೇ, ಹತ್ತಿರ ಇದ್ದವರಿಗೆ ಹಚ್ಚು ಎಂದು.

"ಪೂರಾ ತಪ್ಪೇನಲ್ಲ ಬಿಡು" ಎಂದೆ.

ಸುಮಿ ಬಿಡಲಿಲ್ಲ. ನಿಂತಲ್ಲೇ ಟಕಟಕ ಎಂದು ಒಂದು ಹೊಸ ಕಟ್ಟಳೆ ಬರೆದಳು. ಅವಸರಪಡಬೇಡ, ಚೀಲದ ಧಣಿ ಕೊನೆಗೆ ಬರುವವರೆಗೂ ಕಾಯಿ, ಎಂದು ಅದರ ಅರ್ಥ. ಮತ್ತೆ ಓಡಿಸಿದಳು. ಚೀಲ ವಾಪಸ್ ಅವರ ಹೆಗಲಿಗೆ ಹೋಯಿತು, ನೋವೂ ಹೋಯಿತು. ಜನ ಎರಡು ಸಲ ತಲೆಯಾಡಿಸಿದರು.

"ಈಗ ಮಂಗನ ಮಾತು ಮತ್ತೊಮ್ಮೆ ಹಾಕು" ಎಂದ ದಾಡಿಯವನು.

ಹಾಕಿದಳು. ಗಿಡ ಇಳಿಯಿತು. ಈ ಸಲ ಯಂತ್ರ ಕೊನೆಯವರೆಗೂ ಕಾದಿತ್ತು. ಕೊನೆಯಲ್ಲಿ ಇದ್ದವನು ಮಂಗ. ಎದ್ದವನು ಮಂಗ, ಸ್ನಾನ ಮಾಡಿದವನೂ ಮಂಗ. ನಾನು ಮುಖ ತೊಳೆಯದೆ ಹಂಪಿಗೆ ಹೋಗಿದ್ದೆ.

ಮೊದಲು ಯಾರೋ ಹಿಂದಿನ ಸಾಲಿನಲ್ಲಿ ಕೆಮ್ಮಿದರು. ಅದು ಕೆಮ್ಮಲ್ಲ. ಆಮೇಲೆ ಇಡೀ ಕೋಣೆ ನಕ್ಕಿತು. ಬಂದಾಗಿನಿಂದ ಆ ಊರಿನಲ್ಲಿ ನಾನು ಕೇಳಿದ ಮೊದಲ ನಗು. ದಾಡಿಯವನು ಕಣ್ಣು ಒರೆಸಿಕೊಂಡ. ನಾನೂ ನಕ್ಕೆ. ನಗದವಳು ಸುಮಿ ಒಬ್ಬಳೇ. ಗದ್ದೆಯ ಬದುವಿನಲ್ಲಿ ಏಡಿಯ ತೂತು ಮುಚ್ಚಿದರೆ ನೀರು ಪಕ್ಕದಲ್ಲೇ ಬಾಯಿ ತೆಗೆಯುತ್ತದೆ. ಆಗ ರೈತನ ಮುಖ ಹೇಗಿರುತ್ತದೋ ಹಾಗಿತ್ತು ಅವಳದು.

"ಒಂದು ಸಣ್ಣ ಮಾತು ಹೇಳಿದ್ರ ಆಗ್ತಿದ್ದಿಲ್ಲೇನಜ್ಜಿ?"

"ಸಣ್ಣ ಮನುಷ್ಯಾ ಆಗಿದ್ರ ಸಣ್ಣ ಮಾತು ಹೇಳ್ತಿದ್ದೆ."

ಹೆಲ್ವಿ ಎದ್ದಳು. ಪರದೆಯ ಹತ್ತಿರ ಹೋಗಿ ಮಂಗನ ಕೊಂಬೆಯನ್ನು ಹೆಣಿಗೆಯ ಕಡ್ಡಿಯಿಂದ ಮುಟ್ಟಿ ಕೇಳಿದಳು: ಇವನು ಯಾಕೆ ಸ್ನಾನ ಮಾಡಿದ, ನಿನಗೆ ಗೊತ್ತಾ?

ಗೊತ್ತು, ಎಂದಳು ಸುಮಿ. ಈಗ ಬರೆದ ಆ ಒಂದು ಕಟ್ಟಳೆಯಿಂದ. ಬೆರಳಿಟ್ಟು ತೋರಿಸಿದಳು.

ಅಜ್ಜಿಯೂ ಸ್ನಾನ ಮಾಡಬೇಕು, ಅಜ್ಜನೂ ಚೀಲ ಹೊರಬೇಕು. ಎರಡೂ ಸರಿಯಾಗುವಂತೆ ಬರೆಯಬಲ್ಲೆಯಾ, ಎಂದಳು ಹೆಲ್ವಿ.

ಇವತ್ತು ಆಗುವುದಿಲ್ಲ. ಹೇಗೆಂದು ಇನ್ನೂ ಗೊತ್ತಿಲ್ಲ.

ಎಷ್ಟು ದಿನ ಬೇಕು?

ಸುಮಿಗೆ ಸಿಟ್ಟು ಬಂದಿತ್ತು. ನನ್ನ ಮೊಮ್ಮಗಳೇ ತಾನೆ? "ನಮ್ಮಜ್ಜಿ ಬಾಯಿ ಮುಚ್ಚೋತನ" ಎಂದು ಇಂಗ್ಲಿಷಿನಲ್ಲಿ ಅಂದುಬಿಟ್ಟಳು. ನನಗೆ ಅದನ್ನು ಕನ್ನಡದಲ್ಲಿ ಹೇಳಿದ್ದು ಸಂಜೆ.

ಹೆಲ್ವಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಹಾಗಾದರೆ ಬಹಳ ವರ್ಷದ ಕೆಲಸ, ಒಳ್ಳೆಯದು, ಶುರು ಮಾಡು, ಎಂದಳು. ದಾಡಿಯವನು, ನಮ್ಮ ಯಂತ್ರ ಒಂದು ದಿನ ಎರಡನ್ನೂ ಸರಿಯಾಗಿ ಹೇಳುತ್ತದೆ, ನೋಡುತ್ತಿರಿ, ಎಂದ. ಹೇಳಬಹುದು, ಆದರೆ ತಪ್ಪಿದ ದಿನ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸುತ್ತೀಯಾ, ಎಂದಳು ಹೆಲ್ವಿ. ಅವನು ದಾಡಿ ಕೆರೆದುಕೊಂಡ. ಅದು ಕಷ್ಟ, ಎಂದ. ಒಳ್ಳೆಯವನು, ಒಪ್ಪಿಕೊಂಡ. ಆಮೇಲೆ ಗುರೆಳ್ಳು ಪುಡಿ ಹಚ್ಚಿದ ರೊಟ್ಟಿ ಕೊಟ್ಟೆ, ಪೂರ್ತಿ ತಿಂದ.

ಹೆಲ್ವಿ ಕುಳಿತು ಮತ್ತೆ ಹೆಣಿಗೆ ಎತ್ತಿಕೊಂಡಳು. ಸುಮಿ ಇನ್ನೂ ನಿಂತೇ ಇದ್ದಳು. "ಕೆಲಸ ಸಿಕ್ತೇನಲೇ, ಹೋತೇನಲೇ?" ಎಂದು ತಿವಿದೆ. "ಸಿಕ್ತಜ್ಜಿ" ಎಂದಳು, ತನಗೇ ನಂಬಿಕೆ ಇಲ್ಲದವಳ ಹಾಗೆ. ಕೆಡದೆ ಇದ್ದ ಕಾಲುವೆಗೆ ರಿಪೇರಿಯವರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮರುದಿನ ಬೆಳಿಗ್ಗೆ

ಬೆಳಕು ಹರಿದಿತ್ತು. ಸುಮಿ ದಣಿದು ಮಲಗಿದ್ದಳು. ಲ್ಯಾಪ್‌ಟಾಪ್ ಅಡುಗೆಮನೆಯ ಮೇಜಿನ ಮೇಲೆ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ನಾನು ಬಾಗಿಲು ಮುಂದೆ ಮಾಡಿದೆ. ಮೈಕಿನ ಗುಂಡಿ ಒತ್ತಿ, ಹತ್ತಿರ ಹೋಗಿ, ಒಂದು ಮಾತು ಹೇಳಿದೆ. ಸಣ್ಣದೇ. ಎದ್ದು ಎಮ್ಮೆಗೆ ನೀರು ಕುಡಿಸು ಎಂದು. ಯಾರಿಗೆ ಎಂಬುದನ್ನು ಹೆಸರು ಹಿಡಿದು ಹೇಳಿದೆ, ಮುಂದೊಂದು 'ಲೇ' ಸೇರಿಸಿ. ಮದುವೆಯಾದಾಗಿನಿಂದ ಅವರು ನನ್ನನ್ನು ಕರೆಯುವುದು ಹಾಗೆ. ಹೇಗಿರುತ್ತದೆ ನೋಡೋಣ ಎನ್ನಿಸಿತ್ತು.

ಚೆನ್ನಾಗಿರುತ್ತದೆ.

ಯಂತ್ರ ಗಿಡ ಬರೆಯಿತು. ಏಳುವವನು ಅವನೇ, ನೀರು ಕುಡಿಸುವವನೂ ಅವನೇ, ಎಮ್ಮೆ ತನ್ನ ಜಾಗದಲ್ಲಿ. ಎಲ್ಲ ಸರಿಯಾಗಿತ್ತು. ಕಸದ ಬುಟ್ಟಿಯ ಚಿತ್ರ ಹುಡುಕಿ ಒತ್ತಿದೆ.

ಆಮೇಲೆ ಅತ್ತೆಯ ಮಾತು ನೆನಪಾಯಿತು. ಫೋನ್ ತೆಗೆದು ಕಂಪ್ಲಿಗೆ ಹಚ್ಚಿದೆ. ಗಂಟೆ ಹೊಡೆಯಿತು, ಬಹಳ ಹೊತ್ತು ಹೊಡೆಯಿತು. ಕೊನೆಗೆ ಎತ್ತಿದರು.

"ಏನಲೇ? ಏನಾತು?" ಏದುಸಿರು ಬಿಡುತ್ತಿದ್ದರು.

"ಏನಿಲ್ಲ. ಎಮ್ಮಿಗೆ ನೀರು ಕುಡಿಸೀರೇನ್ರಿ?"

"ಈಗ ಕುಡಿಸಿ ಬಂದೆ. ಅದಕ್ಕ ತಡಾತು."

ಫೋನ್ ಇಟ್ಟು ಚಹಾಕ್ಕೆ ನೀರಿಟ್ಟೆ.